ದೊಡ್ಡ ಮಕ್ಕಳಿಗೆ ಇಗರ್ಜಿಯಲ್ಲಿ ಕೆಲಸ ಕೊಡಿ

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ಬೇಳ, ಕಯ್ಯಾರಿನಂಥ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತದವು. ಅಲ್ಲಿನ ಭಕ್ತರ ಮನೆಮಾತು ಕೊಂಕಣಿ, ಪ್ರಾರ್ಥನಾ ಪುಸ್ತಕದ ಲಿಪಿ ಕನ್ನಡ. ಹೊರಗಿನವರಿಗೆ ಇದು ವಿಚಿತ್ರ, ನಮಗೆ ದಿನನಿತ್ಯದ ಮಾತು. ಇಂಗ್ಲಿಷ್ ಮೀಡಿಯಂಗೆ ಹೋಗುವ ಪುಟಾಣಿ 'ಆಮ್ಚ್ಯಾ ಬಾಪಾ' ಬಾಯಿಪಾಠ ಹೇಳುತ್ತದೆ, ಪುಸ್ತಕ ಕೈಗೆ ಕೊಟ್ಟರೆ ಓದಲಾರದು. ಅದಕ್ಕೆ ಓದಿ ಹೇಳಬಲ್ಲವರು ನಮ್ಮ ಕನ್ನಡ ಶಾಲೆಗಳ ಒಂಬತ್ತು, ಹತ್ತನೆಯ ಮಕ್ಕಳು!

ಆದರೆ ದೃಢೀಕರಣ ಸಂಸ್ಕಾರ ಆದ ಮೇಲೆ ಇದೇ ಮಕ್ಕಳಲ್ಲಿ ಹಲವರು ಹಿಂದಿನ ಬಾಗಿಲ ಬಳಿ ನಿಲ್ಲತೊಡಗುತ್ತಾರೆ. ಹಿರಿಯರು ಮೊಬೈಲನ್ನು ಬೈಯುತ್ತಾರೆ. ನಮಗೆ ಕಾಣುವ ಕಾರಣ ಬೇರೆ. ಅವರಿಗೆ ಅಲ್ಲಿ ಕೆಲಸವೇ ಇಲ್ಲ. ಮೊಂತಿ ಹಬ್ಬದ ನೊವೆನದಲ್ಲಿ ನೋಡಿ: ಚಿಕ್ಕವರನ್ನು ಸಾಲು ನಿಲ್ಲಿಸುವುದು, ಹೂವಿನ ತಟ್ಟೆ ಸರಿಪಡಿಸುವುದು, ಕೊನೆಗೆ ಕಬ್ಬು ಹಂಚುವುದು, ಎಲ್ಲಕ್ಕೂ ಮುಂದೆ ಬರುವವರು ಅವರೇ. ಒಂಬತ್ತು ದಿನ ಬಂದವರು ಉಳಿದ ಭಾನುವಾರ ಯಾಕೆ ಬರಬಾರದು?

ಒಬ್ಬೊಬ್ಬರಿಗೆ ಇಬ್ಬರು ಮೂವರು ಚಿಕ್ಕ ಮಕ್ಕಳನ್ನು ಒಪ್ಪಿಸಿ. ಭಾನುವಾರದ ಧರ್ಮಪಾಠದ ನಂತರ ಇಪ್ಪತ್ತು ನಿಮಿಷ ಸಾಕು. ಒಂದು ಪ್ರಾರ್ಥನೆ ಓದಿಸಲಿ, ಅಂದಿನ ಶುಭಸಂದೇಶದ ಕತೆ ಹೇಳಲಿ. ಅವರನ್ನು ಪುಟ್ಟ ಪಾದ್ರಿಗಳನ್ನಾಗಿ ಮಾಡಿ ಭಾಷಣ ಮಾಡಿಸುವುದು ಬೇಡ. ಬೈಬಲ್ ಕ್ವಿಜ್ಜಿನ ಬಹುಮಾನವೂ ಬೇಡ. "ನನ್ನ ಪಕ್ಕ ಕೂರುವ ಹುಡುಗ ಹಿಂದೂ, ಅವನು ಸ್ವರ್ಗಕ್ಕೆ ಹೋಗುವುದಿಲ್ಲವಾ ಅಕ್ಕ?" ಎಂದು ಪುಟ್ಟ ಕೇಳಿಯೇ ಕೇಳುತ್ತಾನೆ. ಆಗ ಅಕ್ಕ ತೋಚಿದ್ದನ್ನು ಹೇಳಿಬಿಟ್ಟರೆ ನಾಳೆ ಆ ಮಾತು ನಮ್ಮ ತರಗತಿಯ ಬೆಂಚಿಗೇ ಬರುತ್ತದೆ. "ಗೊತ್ತಿಲ್ಲ, ಫಾದರ್ ಹತ್ತಿರ ಕೇಳೋಣ" ಎನ್ನಲು ಆಕೆಗೆ ಮೊದಲೇ ಕಲಿಸಿರಬೇಕು. ಬಾಗಿಲು ತೆರೆದಿರಲಿ, ಒಬ್ಬ ಹಿರಿಯರು ಕಣ್ಣಳತೆಯಲ್ಲಿರಲಿ. ಹದಿನೈದರ ಹುಡುಗನ ಜೊತೆ ಮಗುವನ್ನು ಒಂಟಿಯಾಗಿ ಬಿಡುವಂತಿಲ್ಲ.

ಇದನ್ನು ಶಾಲೆಯಲ್ಲೇ ಮಾಡಬಾರದೇ ಎನ್ನುವ ಪೋಷಕರಿದ್ದಾರೆ. ಆಗದು. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆಯನ್ನು ಸಂವಿಧಾನದ 28ನೇ ವಿಧಿ ನಿಷೇಧಿಸಿದೆ. ಇದು ಸರಿಯಾದದ್ದೇ. ಎಲ್ಲ ಮತದ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ಜಾಗ ಅದು. ನಾವು ಮಾಡಬಹುದಾದದ್ದು ಮಕ್ಕಳಿಗೆ ಕನ್ನಡವನ್ನು ಚೆನ್ನಾಗಿ ಓದಲು ಕಲಿಸುವುದು.

ಇಷ್ಟು ಚಿಕ್ಕವರಿಗೆ ಇಂಥ ಹೊಣೆಯೇ ಎನ್ನುವವರು ಕಾರ್ಲೊ ಅಕುಟಿಸ್‌ನನ್ನು ನೆನೆಯಲಿ. ಇಟಲಿಯ ಮಿಲಾನಿನಲ್ಲಿ ಬೆಳೆದ ಈ ಹುಡುಗ ತನ್ನ ಇಗರ್ಜಿಯಲ್ಲಿ ಚಿಕ್ಕವರಿಗೆ ಧರ್ಮಪಾಠ ಹೇಳಿಕೊಡಲು ನೆರವಾಗುತ್ತಿದ್ದ. 2006ರಲ್ಲಿ 15ನೇ ವಯಸ್ಸಿಗೆ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಅವನನ್ನು ಸಂತನೆಂದು ಘೋಷಿಸಲಾಯಿತು. ಕಂಪ್ಯೂಟರ್ ಹುಚ್ಚಿನ ಹುಡುಗನೇ ಆತ!

ಮೊಂತಿ ನೊವೆನ ಆಗಸ್ಟ್ 30ಕ್ಕೆ ಸುರು. ಯಾವ ಪುಟಾಣಿ ಯಾರ ಕೈ ಹಿಡಿಯಬೇಕೆಂದು ಅಷ್ಟರೊಳಗೆ ಫಾದರ್ ಮತ್ತು ಧರ್ಮಪಾಠದ ಟೀಚರುಗಳು ಒಂದು ಪಟ್ಟಿ ಮಾಡಿದರೆ, ಹಬ್ಬದ ಮರು ಭಾನುವಾರದಿಂದಲೇ ಕೆಲಸ ಆರಂಭಿಸಬಹುದು.