ಗಿಡದ ಜಾತಿ ಕೇಳಲಿ, ಹೇಳೋಣ

ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಲ ಸಹ್ಯಾದ್ರಿಯಲ್ಲಿ ಕಾರ್ವಿ ಬೆಳೆಯುತ್ತದೆ. ಏಳೆಂಟು ವರ್ಷಕ್ಕೊಮ್ಮೆ ಒಟ್ಟಿಗೇ ಹೂಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ಅದರ ಕಡ್ಡಿಯ ತಟ್ಟಿಗೆ ಮಣ್ಣು ಮೆತ್ತಿದ ಗೋಡೆಯೊಳಗೆ ಬೆಳೆದ ನಮ್ಮ ಹುಡುಗ ಸಸ್ಯಶಾಸ್ತ್ರದ ಅಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಹೋದರೆ ಬಾಯಿ ಕಟ್ಟುತ್ತದೆ. ಗಿಡ ಗೊತ್ತಿಲ್ಲ ಅಂತಲ್ಲ. 'ಸ್ಟ್ರೊಬಿಲಾಂಥಸ್' ಅನ್ನೋದನ್ನ ನಾಲ್ಕು ಜನರ ಮುಂದೆ ಒಮ್ಮೆಯೂ ಗಟ್ಟಿಯಾಗಿ ಅಂದಿಲ್ಲ, ಅದಕ್ಕೆ.

ಇದು ಸಣ್ಣ ಮಾತಲ್ಲ. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪದವಿ, ಪಿಎಚ್.ಡಿ., ಲೇಖನಗಳ ಅಂಕ ಸಂದರ್ಶನಕ್ಕೆ ಕರೆಯುವವರೆಗೆ ಮಾತ್ರ. ಆಯ್ಕೆ ಪೂರ್ತಿ ಸಂದರ್ಶನದ ಮೇಲೆ. ಮೀಸಲು ಹುದ್ದೆಯ ಮುಂದೆ 'ಯೋಗ್ಯರು ಸಿಗಲಿಲ್ಲ' ಎಂಬ ಷರಾ ಬೀಳುವುದೂ ಅಲ್ಲೇ. ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ಪರಿಶಿಷ್ಟರು ಅರ್ಜಿ ಹಾಕಿದ್ದರೆ ಸಮಿತಿಯಲ್ಲಿ ಆ ವರ್ಗದ ವಿದ್ವಾಂಸರೊಬ್ಬರು ಇರಬೇಕು. ಇದ್ದರೋ ಇಲ್ಲವೋ, ಮಾಹಿತಿ ಹಕ್ಕಿನಲ್ಲಿ ಕೇಳಿ.

ಹಾಸ್ಟೆಲಿನಲ್ಲಿ ಗೆಳೆಯರನ್ನು ಕೂರಿಸಿಕೊಂಡು ಹತ್ತು ನಿಮಿಷ ಪಾಠ ಮಾಡಿ. ನಗ್ತಾರೆ, ನಗಲಿ, ಅಲ್ಲಿ ನಕ್ಕರೆ ನಷ್ಟವಿಲ್ಲ. ಮಹಾಪ್ರಬಂಧದಲ್ಲಿ ಏನು ಮಾಡಿದಿರಿ, ಯಾಕೆ, ಮುಂದೇನು ಎಂಬುದನ್ನು ಎರಡು ನಿಮಿಷಕ್ಕೆ ಇಳಿಸಿ. ಗೊತ್ತಿಲ್ಲದ್ದಕ್ಕೆ ತಲೆ ತಗ್ಗಿಸದೆ 'ಗೊತ್ತಿಲ್ಲ ಸರ್' ಅನ್ನಿ. ಮುರುಗಲ ಮರದ ಪ್ರಶ್ನೆ ಬಂದರೆ ಗಂಡು ಮರ ಬೇರೆ, ಹೆಣ್ಣು ಮರ ಬೇರೆ ಅಂತ ಅವ್ವ ಹೇಳಿಕೊಟ್ಟದ್ದನ್ನೇ ಮೊದಲು ಹೇಳಿ. 'ಗಾರ್ಸೀನಿಯಾ ಇಂಡಿಕಾ' ಆಮೇಲೆ ಬರಲಿ. ಅವ್ವನದೂ ಸಸ್ಯಶಾಸ್ತ್ರವೇ.

ಗಿಡದ ಜಾತಿ ಎಷ್ಟಾದರೂ ಕೇಳಲಿ. ನಿಮ್ಮ ಅಡ್ಡಹೆಸರು, ಕೇರಿ, ಅಪ್ಪನ ಕೆಲಸ ಕೇಳಿದರೆ, ಯಾರು ಏನು ಕೇಳಿದರು ಅನ್ನೋದನ್ನ ಹೊರಗೆ ಬಂದ ಕೂಡಲೇ ತಾರೀಖು ಹಾಕಿ ಬರೆದಿಡಿ. ಆ ಚೀಟಿ ನಮಗೆ ತಂದುಕೊಡಿ.