ಚಿತ್ರದ ಹಿಂಬದಿಯ ಬರಹ

ಬೀರುವಿನ ಮೂಲೆಯಲ್ಲಿ, ಚಾರ್ಜರಿನ ತಂತಿಯನ್ನೇ ಹೊದ್ದು ಮಲಗಿದ್ದ ಪುಟ್ಟ ಡಿಜಿಟಲ್ ಕ್ಯಾಮರಾಗಳಿಗೆ ಈಗ ಮತ್ತೆ ಶುಕ್ರದೆಸೆ ಬಂದಂತೆ ತೋರುತ್ತದೆ. ಜಪಾನಿನ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಜಗತ್ತಿಗೆಲ್ಲ ರವಾನೆಯಾದ ಡಿಜಿಟಲ್ ಕ್ಯಾಮರಾಗಳ ಸಂಖ್ಯೆ 12 ಕೋಟಿಯನ್ನು ಮೀರಿತ್ತು. ಅವುಗಳಲ್ಲಿ ಬಹುಪಾಲು, ಮಸೂರವನ್ನು ಕಳಚಲಾಗದ ಈ ಕಿರಿಯ ಜಾತಿಯವೇ. 2023ರ ವೇಳೆಗೆ ಈ ಜಾತಿಯ ರವಾನೆ 20 ಲಕ್ಷಕ್ಕೂ ಕೆಳಗಿಳಿಯಿತು. ಮೊಬೈಲು ಅದನ್ನು ನುಂಗಿತೆಂದು ಎಲ್ಲರೂ ಕೈ ತೊಳೆದುಕೊಂಡಿದ್ದಾಗ, ಕಾಲೇಜಿನ ಹುಡುಗ ಹುಡುಗಿಯರು ತಂದೆಯ ಕ್ಯಾಮರಾವನ್ನು ಹುಡುಕಿ ತೆಗೆದು, ಧೂಳೊರೆಸಿ, ಕೊರಳಿಗೆ ತೂಗುಹಾಕಿಕೊಂಡು ಹೊರಟಿದ್ದಾರೆ. ಸಂತೋಷ! ಆದರೆ ಹೊರಡುವ ಮುನ್ನ ಅವರು ಒಂದು ಮಾತನ್ನು ಕೇಳಿಸಿಕೊಳ್ಳುವುದು ಮೇಲು.

ಮೆನು ಎಂಬ ಶಬ್ದವನ್ನು ನಾವು ಮೊದಲು ಅರಿತುದು ಹೋಟೆಲಿನಲ್ಲಿ. ಅಲ್ಲಿ ಮಾಣಿಯು ಇಪ್ಪತ್ತು ತಿಂಡಿಗಳ ಹೆಸರನ್ನು ಒಂದೇ ಉಸಿರಿನಲ್ಲಿ ಪಠಿಸಿದ ಮೇಲೆ ನಾವು ಹೇಳುವುದು "ಎರಡು ಇಡ್ಲಿ, ಒಂದು ಕಾಫಿ" ಎಂದೇ. ಕ್ಯಾಮರಾದ ಮೆನುವಿನ ಗತಿಯೂ ಇದಕ್ಕಿಂತ ಭಿನ್ನವಲ್ಲ. ಗುಂಡಿ ಒತ್ತಿದೊಡನೆ ಸಾಲುಸಾಲಾಗಿ ಆಯ್ಕೆಗಳು ತೆರೆದುಕೊಳ್ಳುತ್ತವೆ. ನಾವು 'ಆಟೋ' ಎಂಬುದಕ್ಕೆ ಶರಣಾಗಿ ಉಳಿದುದನ್ನು ಮುಚ್ಚಿಬಿಡುತ್ತೇವೆ.

ಈ ಪಟ್ಟಿಯಾದರೂ ಹುಟ್ಟಿನಿಂದ ಬಂದುದಲ್ಲ. 1975ರಲ್ಲಿ ಕೊಡಕ್ ಕಂಪನಿಯ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಅವರು ನಿರ್ಮಿಸಿದ ಡಿಜಿಟಲ್ ಕ್ಯಾಮರಾ, ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಮೆನುವನ್ನು ತೋರಿಸಲು ಅದರಲ್ಲಿ ತೆರೆಯೇ ಇರಲಿಲ್ಲ. 1995ರಲ್ಲಿ ಕ್ಯಾಸಿಯೋ ಕಂಪನಿಯ ಕ್ಯೂವಿ-10, ಬೆನ್ನ ಮೇಲೆ 1.8 ಅಂಗುಲದ ಬಣ್ಣದ ತೆರೆಯನ್ನು ಹೊತ್ತು ಪೇಟೆಗೆ ಬಂದಿತು. ತೆರೆ ದೊರೆತ ಮೇಲೆ ಅದನ್ನು ತುಂಬಲು ಆಯ್ಕೆಗಳಿಗೇನು ಬರ?

ಆ ಆಯ್ಕೆಗಳಲ್ಲಿ ಕೆಲವು ನಿಜವಾಗಿ ಉಪಯುಕ್ತವಾದುವು. 'ಡಿಜಿಟಲ್ ಜೂಮ್' ಎಂಬುದನ್ನು ಕಂಡಲ್ಲಿ ಆರಿಸಿಬಿಡಿರಿ. ಅದು ದೂರವನ್ನು ಹತ್ತಿರಕ್ಕೆ ತರುವುದಿಲ್ಲ, ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೆ. ಚಿತ್ರದ ಅಳತೆಯನ್ನು ಎಲ್ಲಕ್ಕಿಂತ ದೊಡ್ಡದಕ್ಕೂ ಗುಣವನ್ನು 'ಫೈನ್' ಎಂಬುದಕ್ಕೂ ಇಡಿರಿ. ಕಲ್ಯಾಣಮಂಟಪದ ಹಳದಿ ದೀಪಗಳ ಕೆಳಗೆ ವಧುವಿನ ಬಿಳಿಯ ಸೀರೆ ಅರಿಶಿನದಲ್ಲಿ ಅದ್ದಿದಂತೆ ಕಂಡರೆ 'ವೈಟ್ ಬ್ಯಾಲೆನ್ಸ್' ಎಂಬಲ್ಲಿಗೆ ಹೋಗಿ ಬಲ್ಬಿನ ಚಿಹ್ನೆಯನ್ನು ಆರಿಸಿರಿ. ಮೈಸೂರಿನ ಅರಮನೆಯ ದೀಪಾಲಂಕಾರವನ್ನು ತೆಗೆಯುವಾಗ ಫ್ಲಾಶ್ ನಿರರ್ಥಕ. ಅದರ ಬೆಳಕು ಮೂರು ನಾಲ್ಕು ಮೀಟರಿನಾಚೆ ತಲುಪುವುದು ಕಷ್ಟ. ಅದನ್ನು ಆರಿಸಿ, ಕ್ಯಾಮರಾವನ್ನು ಗೋಡೆಯ ಮೇಲಿಟ್ಟು, ಎರಡು ಸೆಕೆಂಡಿನ ಟೈಮರ್ ಹಚ್ಚಿ ಕೈ ತೆಗೆಯಿರಿ. ಚಿತ್ರ ಅಲುಗದು.

ಇವೆಲ್ಲವೂ ಚಿತ್ರದ ಮುಖಕ್ಕೆ ಮಾಡುವ ಉಪಚಾರಗಳು. ನಾನು ಹೇಳಹೊರಟಿರುವುದು ಚಿತ್ರದ ಬೆನ್ನಿನ ಮಾತು.

ನಮ್ಮ ಹಿರಿಯರ ಕಾಲದ ಫೋಟೋಗಳನ್ನು ತಿರುಗಿಸಿ ನೋಡಿರಿ. ಹಿಂಬದಿಯಲ್ಲಿ ಸ್ಟುಡಿಯೋದ ಮೊಹರು. ಅದರ ಕೆಳಗೆ ಮನೆಯ ಯಜಮಾನರು ಪೆನ್ಸಿಲಿನಿಂದ ಬರೆದ ತಾರೀಖು, ಊರು, ನಿಂತವರ ಹೆಸರುಗಳು. ಮುಖಗಳು ಮಸುಕಾದ ಮೇಲೂ ಆ ನಾಲ್ಕು ಸಾಲು ಮಾತನಾಡುತ್ತವೆ. ಡಿಜಿಟಲ್ ಚಿತ್ರಕ್ಕೂ ಇಂತಹದೊಂದು ಹಿಂಬದಿ ಉಂಟು. 1990ರ ದಶಕದಲ್ಲಿ ಜಪಾನಿನ ಉದ್ಯಮಸಂಘವೊಂದು ರೂಪಿಸಿದ 'ಎಕ್ಸಿಫ್' ಎಂಬ ನಿಯಮದಂತೆ, ಕ್ಯಾಮರಾ ತಾನು ತೆಗೆಯುವ ಪ್ರತಿಯೊಂದು ಚಿತ್ರದ ಫೈಲಿನೊಳಗೆ ದಿನ, ಗಂಟೆ, ನಿಮಿಷ, ತನ್ನ ಮಾದರಿಯ ಹೆಸರು, ಫ್ಲಾಶ್ ಬೆಳಗಿತೇ ಇಲ್ಲವೇ ಎಂಬುದನ್ನೆಲ್ಲ ಗುಪ್ತವಾಗಿ ಬರೆದಿಡುತ್ತದೆ. ಪೆನ್ಸಿಲು ಹಿಡಿಯುವ ಶ್ರಮವೂ ನಮಗಿಲ್ಲ. ಆದರೆ ಲೇಖಕನಿಗೆ ತಾರೀಖು ಗೊತ್ತಿರಬೇಕಷ್ಟೆ!

ಎಡವುವುದು ಇಲ್ಲಿಯೇ. ಕ್ಯಾಮರಾದೊಳಗಿನ ಗಡಿಯಾರವನ್ನು ನಡೆಯಿಸಲು ಒಂದು ಪುಟ್ಟ ಉಪಬ್ಯಾಟರಿ ಇರುತ್ತದೆ. ಎಷ್ಟೋ ಮಾದರಿಗಳಲ್ಲಿ ಅದು ದೊಡ್ಡ ಬ್ಯಾಟರಿಯಿಂದಲೇ ಶಕ್ತಿಯನ್ನು ಪಡೆಯುತ್ತದೆ. ದೊಡ್ಡದು ಬರಿದಾಗಿ ಕೆಲವು ದಿನಗಳೋ ವಾರಗಳೋ ಕಳೆದರೆ ಚಿಕ್ಕದೂ ಸೋಲುತ್ತದೆ, ಗಡಿಯಾರ ಕಾರ್ಖಾನೆಯ ಆರಂಭದ ದಿನಕ್ಕೆ ಮರಳುತ್ತದೆ. ಹೊಸ ಚಾರ್ಜು ತುಂಬಿ ಗುಂಡಿ ಒತ್ತಿದಾಗ ತೆರೆಯು ಮೊದಲು ಕೇಳುವುದೇ ದಿನಾಂಕವನ್ನು. ಆದರೆ ಬಾಗಿಲಲ್ಲಿ ಆರತಿ ತಟ್ಟೆ ಸಿದ್ಧವಾಗಿದೆ, ಸೊಸೆ ಸೇರೊದೆಯಲಿದ್ದಾಳೆ. ಆ ಸಂಭ್ರಮದಲ್ಲಿ ಪ್ರಶ್ನೆಯನ್ನು ದಾಟಿಸಿ ಮುಂದೆ ಹೋಗುತ್ತೇವೆ. ಅಜ್ಜಿಯ ಸಹಸ್ರಚಂದ್ರದರ್ಶನ ಶಾಂತಿಯ ಚಿತ್ರ, ಆಕೆಯ ತೊಡೆಯ ಮೇಲಿರುವ ಮರಿಮಗು ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲಿನ ತಾರೀಖನ್ನು ಹೊತ್ತುಕೊಳ್ಳುತ್ತದೆ. ಇಂದು ನಗುತ್ತೇವೆ. ಸರಿಯಾದ ದಿನವನ್ನು ಹೇಳಬಲ್ಲವರು ಇಲ್ಲವಾದ ಮೇಲೆ ನಗು ಬಾರದು.

ಪರದೇಶದಿಂದ ಬಂದ ಕ್ಯಾಮರಾದ ಕಥೆಯೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿರುವ ಮಗ ಬೇಸಗೆಯ ರಜೆಯಲ್ಲಿ ತಂದುಕೊಟ್ಟ ಯಂತ್ರದ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಬೆಳಗಿನ ಹತ್ತು ಗಂಟೆಗೆ ನಡೆದ ನಾಮಕರಣ ಅದರ ಲೆಕ್ಕದಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆಗೆ ನಡೆಯಿತು! ಅಲ್ಲಿಯ ಪದ್ಧತಿಯಂತೆ ತಿಂಗಳು ಮೊದಲು, ದಿನ ಆಮೇಲೆ. ಜೂನ್ 5 ಎಂದು ತಿಳಿದು ನಾವು ಇಟ್ಟದ್ದು ಮೇ 6 ಆಗಿ ಕುಳಿತಿರುತ್ತದೆ.

ಹಾಗೆಂದು ಚಿತ್ರದ ಮೂಲೆಯಲ್ಲಿಯೇ ದಿನಾಂಕವನ್ನು ಅಚ್ಚೊತ್ತುವ ಆಯ್ಕೆಯ ಮೋಹಕ್ಕೆ ಬೀಳಬೇಡಿರಿ. ಆ ಅಂಕಿಗಳು ಚಿತ್ರದ ಬಣ್ಣದಲ್ಲಿಯೇ ಬೆರೆತುಹೋಗುತ್ತವೆ. ತಪ್ಪಾದರೆ ಅಳಿಸಲು ಬಾರದು. ಹಿಂಬದಿಯ ಬರಹವನ್ನಾದರೆ ಕಂಪ್ಯೂಟರಿನಲ್ಲಿ 'ಎಕ್ಸಿಫ್‌ಟೂಲ್' ಮೊದಲಾದ ಉಚಿತ ಸಾಧನಗಳಿಂದ ತಿದ್ದಬಹುದು. ಗಡಿಯಾರ ಎಷ್ಟು ಹಿಂದಿತ್ತೆಂದು ತಿಳಿದರೆ ಸಾವಿರ ಚಿತ್ರಗಳನ್ನೂ ಒಮ್ಮೆಗೇ ಸರಿಪಡಿಸಬಹುದು.

ಇನ್ನೊಂದು ಸಾಲು ಮೆನುವಿನ ಕೆಳಭಾಗದಲ್ಲಿ ಅಡಗಿರುತ್ತದೆ: 'ಫೈಲ್ ನಂಬರಿಂಗ್'. 1998ರಲ್ಲಿ ರೂಪುಗೊಂಡ ನಿಯಮದಂತೆ ಕ್ಯಾಮರಾಗಳು ಚಿತ್ರಗಳಿಗೆ ನಾಲ್ಕು ಅಕ್ಷರ, ನಾಲ್ಕು ಅಂಕಿಗಳ ಹೆಸರಿಡುತ್ತವೆ. ಎಣಿಕೆ 0001ರಿಂದ 9999ರವರೆಗೆ. ಇಲ್ಲಿ 'ರೀಸೆಟ್' ಎಂದಿದ್ದರೆ ಪ್ರತಿ ಹೊಸ ಕಾರ್ಡಿಗೂ ಎಣಿಕೆ ಮೊದಲಿನಿಂದ ಆರಂಭವಾಗುತ್ತದೆ. ತಿರುಪತಿಯ 0001 ಇರುವ ಫೋಲ್ಡರಿಗೆ ಧರ್ಮಸ್ಥಳದ 0001 ಅನ್ನು ಸುರಿದು, ಕಂಪ್ಯೂಟರು ಕೇಳಿದ ಪ್ರಶ್ನೆಗೆ ಓದದೆಯೇ 'ಹೌದು' ಎಂದರೆ ಮೊದಲಿನ ಯಾತ್ರೆ ಅಳಿದುಹೋಗುತ್ತದೆ. ಆದುದರಿಂದ 'ಕಂಟಿನ್ಯುಯಸ್' ಎಂಬುದನ್ನೇ ಆರಿಸಿರಿ.

ಇನ್ನು ಪೆಟ್ಟಿಗೆಯಲ್ಲಿ ಜೊತೆಗೆ ಬರುತ್ತಿದ್ದ ಸಿ.ಡಿ.ಯ ವಿಚಾರ. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ನಾವು ಅದನ್ನು ಸಡಗರದಿಂದ ಕಂಪ್ಯೂಟರಿಗೆ ಹಾಕಿಕೊಂಡೆವು. ಕ್ಯಾನನ್ನಿನದು ಜೂಮ್‌ಬ್ರೌಸರ್, ಕೊಡಕ್ಕಿನದು ಈಸಿಶೇರ್, ನಿಕಾನಿನದು ಪಿಕ್ಚರ್‌ಪ್ರಾಜೆಕ್ಟ್. ಇಂತಹ ಸಾಫ್ಟ್‌ವೇರುಗಳಲ್ಲಿ ಚಿತ್ರಗಳಿಗೆ ಆಲ್ಬಮ್ ಕಟ್ಟಬಹುದಾಗಿತ್ತು, ಮೆಚ್ಚಿನವಕ್ಕೆ ಗುರುತು ಹಾಕಬಹುದಾಗಿತ್ತು. ಸೌಲಭ್ಯವೇನೋ ನಿಜ. ಆದರೆ ಹೀಗೆ ಕಟ್ಟಿದ ಆಲ್ಬಮಿನ ಕಟ್ಟು ಸಾಮಾನ್ಯವಾಗಿ ಆ ಸಾಫ್ಟ್‌ವೇರಿನ ಸ್ವಂತ ಕಡತದಲ್ಲಿರುತ್ತದೆಯೇ ಹೊರತು ಚಿತ್ರದೊಳಗಲ್ಲ. ಕೊಡಕ್ ಕಂಪನಿ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆಯನ್ನು ಕೋರಿತು; ಮರುತಿಂಗಳೇ ಡಿಜಿಟಲ್ ಕ್ಯಾಮರಾಗಳ ತಯಾರಿಕೆಯನ್ನು ಕೈಬಿಡುವುದಾಗಿ ಸಾರಿತು. ಡಿಜಿಟಲ್ ಕ್ಯಾಮರಾವನ್ನು ಹೆತ್ತ ಮನೆಯ ಗತಿಯೇ ಹೀಗಾದ ಮೇಲೆ, ಅದು ಕೊಟ್ಟ ಸಾಫ್ಟ್‌ವೇರನ್ನು ಹೊಸ ಕಂಪ್ಯೂಟರಿಗೆ ಹೊಂದಿಸಿಕೊಡುವವರು ಯಾರು? ಚಿತ್ರಗಳು ಉಳಿದವು, ಯಾವುದು ಯಾರದೆಂದು ಬರೆದಿಟ್ಟದ್ದು ಉಳಿಯುವ ಭರವಸೆ ಹೋಯಿತು.

ಇದಕ್ಕೆ ಪರಿಹಾರ ಬಹು ಸರಳ. ವರ್ಷಕ್ಕೊಂದು ಫೋಲ್ಡರು, ಅದರೊಳಗೆ ದಿನಾಂಕ ಮತ್ತು ಸಂದರ್ಭದ ಹೆಸರಿನ ಫೋಲ್ಡರು. ಯಾವ ಕಂಪನಿ ಮುಳುಗಿದರೂ ಇದು ಮುಳುಗದು. ಜೊತೆಯಲ್ಲಿ ಒಂದು ಸಾಮಾನ್ಯ ಬರಹದ ಫೈಲಿನಲ್ಲಿ ನಿಂತವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆದಿಡಿರಿ; ಯಂತ್ರಕ್ಕೆ ದಿನ ಗೊತ್ತು, ದೊಡ್ಡಮ್ಮನ ಹೆಸರು ಗೊತ್ತಿಲ್ಲ. ಎಲ್ಲದರ ಇನ್ನೊಂದು ಪ್ರತಿ ಬೇರೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೊಂದು ಮನೆಯಲ್ಲಿ, ಇರಲಿ. ವಾಟ್ಸಾಪಿನಲ್ಲಿ ಬಂಧುಗಳಿಗೆ ಕಳುಹಿಸಿದ ಚಿತ್ರವನ್ನೇ ಪ್ರತಿಯೆಂದು ನಂಬಬೇಡಿರಿ. ಚಿತ್ರವಾಗಿ ಕಳುಹಿಸಿದಾಗ ಅದು ಕುಗ್ಗುವುದಲ್ಲದೆ ಹಿಂಬದಿಯ ಬರಹವೂ ಅಳಿಸಿಹೋಗುತ್ತದೆ. ಅಗತ್ಯವಿದ್ದರೆ 'ಡಾಕ್ಯುಮೆಂಟ್' ರೂಪದಲ್ಲಿ ಕಳುಹಿಸಿರಿ.

ಈ ಭಾನುವಾರ ಬೀರುವಿನಿಂದ ಕ್ಯಾಮರಾ ಹೊರಗೆ ಬಂದರೆ ಸೂರ್ಯಾಸ್ತಕ್ಕೂ ಹೂವಿಗೂ ಅವಸರಪಡಬೇಡಿರಿ. ಅವು ನಾಳೆಯೂ ಇರುತ್ತವೆ. ಮೊದಲು ಮೆನುವಿನ ಕೊನೆಗೆ ಇಳಿದು ದಿನಾಂಕವನ್ನು ಸರಿಪಡಿಸಿರಿ. ಆಮೇಲೆ ಮನೆಯ ಹಿರಿಯರನ್ನು ಬೆಳಕಿರುವ ಕಿಟಕಿಯ ಬಳಿ ಕೂರಿಸಿ, ಗುಂಡಿಯನ್ನು ಒತ್ತಿರಿ.