ಮನೆಯ ಪಾಠವೂ ಊರಿನ ಶಾಲೆಯೂ

ಮಗುವನ್ನು ಒಂದು ವರ್ಷ ಶಾಲೆಯಿಂದ ಬಿಡಿಸಿ, ಪುಸ್ತಕದ ಹೊರೆಯನ್ನು ಇಳಿಸಿ, ಮನೆಯಲ್ಲಿಯೂ ಊರಿನಲ್ಲಿಯೂ ಕೈಕೆಲಸದಿಂದಲೇ ಕಲಿಸಬೇಕೆಂಬ ವಿಚಾರವು ಈಚೆಗೆ ನಗರವಾಸಿಗಳಾದ ಕೆಲವು ವಿದ್ಯಾವಂತ ಕುಟುಂಬಗಳಲ್ಲಿ ತಲೆಯೆತ್ತಿದೆ. ಇದನ್ನು ಶಿಕ್ಷಣದ ವಿಮೋಚನೆಯೆಂದು ಕೊಂಡಾಡುವವರುಂಟು. ಅನುಕೂಲಸ್ಥರ ಹುಚ್ಚಾಟವೆಂದು ತಳ್ಳಿಹಾಕುವವರೂ ಉಂಟು. ಎರಡೂ ಅವಸರದ ತೀರ್ಮಾನಗಳೆಂದು ನಮ್ಮ ಅಭಿಪ್ರಾಯ. ದಾವಣಗೆರೆ ಮತ್ತು ಹರಿಹರಗಳಂತಹ ನಮ್ಮ ಊರುಗಳನ್ನೇ ಕಣ್ಣ ಮುಂದಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸುವುದು ಉಚಿತವಾಗಿದೆ.

ಮೊದಲಿಗೆ ಇದರ ಗುಣಪಕ್ಷವನ್ನು ನೋಡೋಣ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರ ಮುಂದೆ ಮಗುವನ್ನು ನಿಲ್ಲಿಸಿ, ಕಾದ ಮರಳಿನಲ್ಲಿ ಬಿದ್ದ ಅಕ್ಕಿಯ ಕಾಳು ಕ್ಷಣಮಾತ್ರದಲ್ಲಿ ಅರಳುವುದೇಕೆಂದು ಕೇಳಿದರೆ, ಕಾಳಿನೊಳಗಿನ ತೇವವು ಆವಿಯಾಗಿ ಉಬ್ಬುವ ತತ್ತ್ವವನ್ನು ಅದು ಜನ್ಮದಲ್ಲಿ ಮರೆಯಲಾರದು. ಭದ್ರಾ ನಾಲೆಯ ಮೇಲ್ಭಾಗದ ಗದ್ದೆಯನ್ನೂ ಕೊನೆಯ ಭಾಗದ ಗದ್ದೆಯನ್ನೂ ಒಂದೇ ದಿನ ನೋಡಿದ ಮಗುವಿಗೆ ಪೌರನೀತಿಯ ಪಾಠವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಹರಿಹರದಲ್ಲಿ ಹರಿದ್ರಾ ನದಿಯು ತುಂಗಭದ್ರೆಯನ್ನು ಸೇರುವ ಸ್ಥಳವೇ ಭೂಗೋಳದ ಪಾಠ. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, ೧೨೨೪ರ ಸುಮಾರಿಗೆ, ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯವೂ ಅಲ್ಲಿಯ ಶಾಸನಗಳೂ ಚರಿತ್ರೆಯ ಪಾಠ. ೧೯೪೧ರಲ್ಲಿ ಅದೇ ಊರಿನಲ್ಲಿ ಸ್ಥಾಪಿತವಾಗಿ, ಲೇಥ್ ಯಂತ್ರಗಳಿಗೆ ಹೆಸರಾಗಿ, ಕಡೆಗೆ ಮುಚ್ಚಿಹೋದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕಥೆಯು ಅರ್ಥಶಾಸ್ತ್ರದ ಪಾಠ. ಇಷ್ಟೆಲ್ಲವೂ ಕೈಯಳತೆಯಲ್ಲಿರುವಾಗ ನಾಲ್ಕು ಗೋಡೆಗಳ ನಡುವೆ ಬಾಯಿಪಾಠವನ್ನೇ ವಿದ್ಯೆಯೆನ್ನುವ ಪದ್ಧತಿಯಲ್ಲಿ ತಂದೆತಾಯಿಗಳಿಗೆ ಬೇಸರ ಹುಟ್ಟಿದರೆ ಆಶ್ಚರ್ಯವೇನು?

ಈ ವಿಚಾರವು ಪರದೇಶದಿಂದ ಬಂದ ಹೊಸ ಸರಕೂ ಅಲ್ಲ. ೧೯೩೭ರ ಅಕ್ಟೋಬರ್ ತಿಂಗಳಿನಲ್ಲಿ ವಾರ್ಧಾದಲ್ಲಿ ನೆರೆದ ಶಿಕ್ಷಣ ಸಮ್ಮೇಲನದಲ್ಲಿ, ಕಸುಬಿನ ಮೂಲಕವೇ ಸಕಲ ವಿದ್ಯೆಯನ್ನೂ ಕಲಿಸಬೇಕೆಂದು ಗಾಂಧೀಜಿಯವರು ಪ್ರತಿಪಾದಿಸಿದರು. ಜಾಕಿರ್ ಹುಸೇನರ ಸಮಿತಿಯು ಅದಕ್ಕೆ ಪಾಠಕ್ರಮವನ್ನು ರಚಿಸಿತು. ನಮ್ಮ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಇದೇ ಬಗೆಯ ಪ್ರಯೋಗಕ್ಕೆ ಕೈಹಾಕಿದರು. ಆದರೆ ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ದಕ್ಷಿಣ ಆಫ್ರಿಕೆಯಲ್ಲಿ ಗಾಂಧೀಜಿಯವರು ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸದೆ ತಾವೇ ಕಲಿಸಲು ಹೊರಟರು. ಸಾರ್ವಜನಿಕ ಕಾರ್ಯದ ಒತ್ತಡದಲ್ಲಿ ಅವರಿಗೆ ಸಾಕಷ್ಟು ವೇಳೆ ದೊರೆಯಲಿಲ್ಲ. ಶಾಲಾಶಿಕ್ಷಣ ತಮಗೆ ತಪ್ಪಿತೆಂಬ ಕೊರಗು ಆ ಮಕ್ಕಳಲ್ಲಿ ಉಳಿದುದನ್ನು ಅವರು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಗಾಂಧೀಜಿಯವರಂತಹ ತಂದೆಗೇ ವೇಳೆ ಸಾಲದಾದ ಕಾರ್ಯವು ಅಂಗಡಿ, ಕಚೇರಿ, ಗದ್ದೆಗಳಲ್ಲಿ ದಿನವೆಲ್ಲ ಕಳೆಯುವ ನಮ್ಮವರಿಗೆ ಸುಲಭವೇ?

ಇದಕ್ಕೆ ಉತ್ತರವನ್ನು ಕಾಲವೇ ಒಮ್ಮೆ ಕೊಟ್ಟಿದೆ. ಕೋವಿಡ್ ಮಹಾಮಾರಿಯ ನಿಮಿತ್ತ ೧೯ ತಿಂಗಳ ಕಾಲ, ಅಂದರೆ ೨೦೨೦ರ ಮಾರ್ಚಿನಿಂದ ೨೦೨೧ರ ಅಕ್ಟೋಬರ್ ೨೫ರವರೆಗೆ, ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತ್ತು. ಉಪಾಧ್ಯಾಯರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ‘ವಿದ್ಯಾಗಮ’ವು ೨೦೨೦ರ ಆಗಸ್ಟಿನಲ್ಲಿ ಮೊದಲಾಗಿ ಅಕ್ಟೋಬರಿನಲ್ಲಿ ನಿಂತು, ೨೦೨೧ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಆ ಕಾಲದಲ್ಲಿ ಪ್ರತಿಯೊಂದು ಮನೆಯೂ ಒಪ್ಪಿಗೆಯಿಲ್ಲದೆಯೇ ಪಾಠಶಾಲೆಯಾಯಿತು. ಓದುಬಲ್ಲ ತಾಯಿ, ಬಿಡುವುಳ್ಳ ತಂದೆ, ಪುಸ್ತಕ, ಫೋನುಗಳಿದ್ದ ಮನೆಯ ಮಗು ಏನನ್ನಾದರೂ ಕಲಿಯಿತು. ಇವು ಯಾವುವೂ ಇಲ್ಲದ ಮನೆಯ ಮಗು ಕಲಿತಿದ್ದ ಅಕ್ಷರಗಳನ್ನೂ ಕಳೆದುಕೊಂಡಿತು. ಮನೆಯ ಶಿಕ್ಷಣವು ಮನೆಯ ಸ್ಥಿತಿಯನ್ನು ಮೀರಲಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಇನ್ನೂ ಗಂಭೀರವಾದ ಆತಂಕವೊಂದಿದೆ. ಭಟ್ಟಿಯ ಮುಂದೆ ಒಂದು ಗಂಟೆ ನಿಂತು ಪ್ರಶ್ನೆ ಕೇಳುವ ಮಗು ಕಲಿಯುತ್ತದೆ. ಅದೇ ಭಟ್ಟಿಯ ಹೊಗೆಯಲ್ಲಿ ದಿನವಿಡೀ ನಿಲ್ಲುವ ಮಗು ದುಡಿಯುತ್ತದೆ. ಎರಡನ್ನೂ ‘ಕೈಯ ಕಲಿಕೆ’ ಎಂದು ಕರೆಯುವುದು ಪಾಪ. ೨೦೧೬ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯು, ಮಗುವು ಅಪಾಯವಿಲ್ಲದ ಕುಲಕಸುಬಿನಲ್ಲಿ ಶಾಲೆಯ ವೇಳೆ ಮುಗಿದ ಮೇಲೆ ಅಥವಾ ರಜೆಯಲ್ಲಿ ನೆರವಾಗಬಹುದೆಂದು ಹೇಳುತ್ತದೆ. ಶಾಲೆಯೇ ಇಲ್ಲದ ಮಗುವಿಗೆ ‘ಶಾಲೆಯ ವೇಳೆ ಮುಗಿಯುವುದು’ ಯಾವಾಗ? ಬಡವರ ಮಗುವಿನ ಪಾಲಿಗೆ ಹಾಜರಿಪುಸ್ತಕವೇ ಕಾವಲುಗಾರ. ಹೆಣ್ಣುಮಕ್ಕಳ ವಿಷಯದಲ್ಲಂತೂ ‘ಮನೆಯಲ್ಲಿಯೇ ಕಲಿಯಲಿ’ ಎಂಬ ಮಾತಿನ ಹಿಂದೆ ಒಲೆಯೂ ಬಾಲ್ಯವಿವಾಹವೂ ಅಡಗಿರಬಹುದು.

ಹಾಗೆಂದು ಶ್ರದ್ಧೆಯಿಂದ ಪ್ರಯೋಗಕ್ಕಿಳಿದ ಕುಟುಂಬವನ್ನು ಅಪರಾಧಿಯಂತೆ ಕಾಣುವುದೂ ಸಲ್ಲದು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೦ನೆಯ ಕಲಮು ಮಗುವನ್ನು ಶಾಲೆಗೆ ಸೇರಿಸುವ ಕರ್ತವ್ಯವನ್ನು ಪೋಷಕರ ಮೇಲೆ ಹೊರಿಸಿದೆ. ಅದಕ್ಕೆ ತಪ್ಪಿದವರಿಗೆ ಆ ಕಾಯಿದೆಯು ದಂಡನೆಯನ್ನು ವಿಧಿಸಿಲ್ಲ. ಅದೇ ಕಾಯಿದೆಯ ೪ನೆಯ ಕಲಮಿನ ಪ್ರಕಾರ, ಶಾಲೆಯಿಂದ ಹೊರಗುಳಿದ ಮಗು ಬಂದಾಗ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದುದಕ್ಕೆ ವಿಶೇಷ ಪಾಠವನ್ನು ಕೊಡಬೇಕು. ಮನೆಯಲ್ಲಿ ಒಂದು ವರ್ಷ ಕಳೆದ ಮಗುವಾಗಲಿ, ಕೂಲಿಗೆ ವಲಸೆ ಹೋಗಿ ಬಂದವರ ಮಗುವಾಗಲಿ, ಕಾಗದಪತ್ರಗಳ ನೆಪದಿಂದ ಬಾಗಿಲಲ್ಲಿ ನಿಲ್ಲಿಸದಿರುವುದು ಅಧಿಕಾರಿಗಳ ಧರ್ಮ.

ಆದರೆ ನಿಜವಾದ ಪರಿಹಾರವು ಶಾಲೆಯನ್ನು ಬಿಡುವುದರಲ್ಲಿಲ್ಲ, ಶಾಲೆಯನ್ನು ತಿದ್ದುವುದರಲ್ಲಿದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ‘ನಲಿ-ಕಲಿ’ಯು, ಸರ್ಕಾರಿ ಶಾಲೆಯಲ್ಲಿಯೂ ಚಟುವಟಿಕೆಯಿಂದ ಕಲಿಸಬಹುದೆಂದು ತೋರಿಸಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯವರೆಗೆ ಹತ್ತು ದಿನ ಚೀಲವಿಲ್ಲದೆ ಸ್ಥಳೀಯ ಕಸುಬುದಾರರ ಬಳಿ ಕಲಿಯುವ ಅವಕಾಶವನ್ನು ಸೂಚಿಸಿದೆ. ಹತ್ತು ದಿನಗಳು ಸಾಲವು. ಆದರೂ ಅವಾದರೂ ಹಾಜರಿಪುಸ್ತಕದ ಶಾಸ್ತ್ರವಾಗದಿರಲಿ. ದಾವಣಗೆರೆಯ ಬಡಗಿ, ನೇಕಾರ, ರೈತ, ಹರಿಹರದ ಯಂತ್ರಕುಶಲಿ, ಇವರನ್ನು ಗೌರವಧನವಿತ್ತು ಶಾಲೆಗೆ ಕರೆಯಿಸಿರಿ; ಮಕ್ಕಳನ್ನು ಅವರಿದ್ದಲ್ಲಿಗೆ ಕರೆದೊಯ್ಯಿರಿ. ಅನುಕೂಲವುಳ್ಳ ತಂದೆತಾಯಿಗಳು ತಮ್ಮ ಒಂದು ಮಗುವಿಗಾಗಿ ವರ್ಷವೊಂದನ್ನು ಮೀಸಲಿಡಬಲ್ಲರಾದರೆ, ವಾರಕ್ಕೊಂದು ದಿನವನ್ನು ನೆರೆಯ ಸರ್ಕಾರಿ ಶಾಲೆಯ ಮೂವತ್ತು ಮಕ್ಕಳಿಗಾಗಿ ಕೊಡಲಾರರೇ? ಒಂದು ಮನೆಯ ಅಂಗಳದಲ್ಲಿ ಹಚ್ಚಿದ ದೀಪವನ್ನು ಊರ ಶಾಲೆಗೆ ಒಯ್ಯುವುದೇ ನಿಜವಾದ ನಾಡಸೇವೆಯೆಂದು ನಾವು ಭಾವಿಸುತ್ತೇವೆ.